ಅಡಿಗೆಯ ಪಾತ್ರೆಗಳನ್ನು ಆರಿಸಿ ಕೊಳ್ಳುವ ಕ್ರಮ

ಹೊಸದಾಗಿ ಸಂಸಾರ ಹೂಡುವವರು ಮೊತ್ತಮೊದಲು ಕೊಳ್ಳುವ ವಸ್ತುಗಳು ಅಡಿಗೆಯ ಪಾತ್ರೆಗಳು. ಕೊಳ್ಳುವಾಗ ಅತಿ ಕಡಿಮೆ ಯೋಚನೆ ಮಾಡುವುದೂ ಅವುಗಳ ವಿಷಯದಲ್ಲಿಯೇ. ಒಂದು ಸೀರೆಯನ್ನು ಆರಿಸುವಾಗ ಅದರ ನೂಲನ್ನೂ ಅಂಚನ್ನೂ ಹತ್ತು ಸಾರಿ ತಿರುವಿ ನೋಡುವ ನಮ್ಮ ಹೆಣ್ಣುಮಕ್ಕಳು, ಇಪ್ಪತ್ತು ವರುಷ ಒಲೆಯ ಮೇಲಿರಬೇಕಾದ ಪಾತ್ರೆಯನ್ನು ಅದರ ಹೊಳಪು ಮಾತ್ರ ನೋಡಿ ಮನೆಗೆ ತರುವುದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಪಾತ್ರೆಯ ಅಂಗಡಿಯ ಬಾಗಿಲಲ್ಲಿ ಬರೆದು ತೂಗುಹಾಕಬೇಕೆಂದು ನಮಗೆ ಎಷ್ಟೋ ಸಾರಿ ತೋರಿದೆ. ಶಾಲೆಯಲ್ಲಿ ಗೃಹಕೃತ್ಯದ ಪಾಠಗಳ ನಡುವೆ ಈ ವಿಷಯವನ್ನು ನಾವು ಹೇಳಿಕೊಡುವ ರೂಢಿಯಿದೆ. ಶಾಲೆಯನ್ನು ಬಿಟ್ಟು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಊರುಕೇರಿಗಳಲ್ಲಿ ಈಗ ತಮ್ಮ ತಮ್ಮ ಮನೆಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ, ಹೆಣ್ಣುಮಕ್ಕಳ ಮದುವೆಯ ಯೋಚನೆಯಲ್ಲಿರುವ ತಾಯಿತಂದೆಗಳಿಗೂ ಉಪಯೋಗವಾದೀತೆಂದು ಆ ಪಾಠವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇವೆ.

ಒಳ್ಳೆಯ ಪಾತ್ರೆ ಎಂದರೆ ಯಾವುದು? ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ, ಅದರಲ್ಲಿ ಬೇಯುವುದು ಏನು, ಬೇಯಿಸುವ ನೀರು ಎಂಥದು ಎಂಬುದನ್ನು ಕೇಳಿಕೊಳ್ಳತಕ್ಕದ್ದು. ಸಮುದ್ರತೀರದ ಮನೆಗೆ ಒಪ್ಪುವ ಪಾತ್ರೆಯು ನಮ್ಮ ಕಡೆಯ ಮನೆಗೆ ಒಪ್ಪಲೇಬೇಕೆಂಬ ನಿಯಮವಿಲ್ಲ. ನಮ್ಮಲ್ಲಿ ರಾಗಿಯ ಮುದ್ದೆಯಿಲ್ಲದ ದಿನವಿಲ್ಲ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರು, ಉಳಿದ ಕಾಲದಲ್ಲಿ ಬಸ್ಸಾರು, ಮಸ್ಸೊಪ್ಪು; ಇವೆಲ್ಲಕ್ಕೂ ಹುಣಸೆಯ ಹುಳಿ ಇಲ್ಲವೆ ಚಿಂತಾಮಣಿಯ ಕಡೆ ಬೆಳೆಯುವ ಟೊಮ್ಯಾಟೊ ಹಣ್ಣಿನ ಹುಳಿ. ನೀರೋ ಆಳವಾದ ಕೊಳವೆಬಾವಿಯ ಗಡಸು ನೀರು. ಊರೋ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ್ದು. ಹುಳಿ, ಗಡಸು ನೀರು, ಎತ್ತರ, ಮುದ್ದೆ, ಈ ನಾಲ್ಕನ್ನೂ ತಡೆದುಕೊಳ್ಳಬಲ್ಲ ಪಾತ್ರೆಯೇ ನಮಗೆ ಒಳ್ಳೆಯ ಪಾತ್ರೆ.

ಮುದ್ದೆಯ ಪಾತ್ರೆಯಿಂದಲೇ ಆರಂಭಿಸೋಣ. ಎಸರು ಕುದಿದು, ಹಿಟ್ಟು ಬೆಂದು, ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು ಕೋಲಿನಿಂದ ತೊಳಸುವಾಗ ಆ ಪಾತ್ರೆಯ ಮೇಲೆ ಬೀಳುವ ಬಲವು ಅಲ್ಪವಲ್ಲ. ತೆಳುವಾದ ತಗಡಿನ ಪಾತ್ರೆಯಾದರೆ ಆರು ತಿಂಗಳಿಗೆ ಅದರ ಕಂಠ ಸೊಟ್ಟಗಾಗುವುದು, ತಳ ಉಬ್ಬುವುದು. ತಳ ಉಬ್ಬಿದ ಪಾತ್ರೆ ಒಲೆಯ ಮೇಲೆ ಅಲುಗಾಡುವುದು. ಕುದಿಯುವ ಹಿಟ್ಟಿನ ಪಾತ್ರೆ ಅಲುಗಾಡಿದರೆ ಏನಾಗಬಹುದೆಂಬುದನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ಆದಕಾರಣ ಈ ಪಾತ್ರೆಯು ದಪ್ಪವಾಗಿಯೂ, ತಳವು ಅಗಲವಾಗಿ ಸಮವಾಗಿಯೂ ಇರಬೇಕು. ಅಂಗಡಿಯಲ್ಲಿಯೇ ಪಾತ್ರೆಯನ್ನು ಗಾಜಿನ ಹಲಗೆಯ ಮೇಲೆ ಇಟ್ಟು ಅಂಚನ್ನು ಬೆರಳಿನಿಂದ ಒತ್ತಿ ನೋಡಿದರೆ ತಳ ಸಮವೋ ಅಲ್ಲವೋ ತಿಳಿಯುವುದು.

ಇಲ್ಲಿ ಒಂದು ಸಣ್ಣ ಲೆಕ್ಕ. ನಮ್ಮ ಮಕ್ಕಳಿಗೆ ಇದನ್ನು ಹಲಗೆಯ ಮೇಲೆ ಮಾಡಿಸುವೆವು, ತಾಯಂದಿರೂ ಮಾಡಿನೋಡಬಹುದು. 20 ಸೆಂಟಿಮೀಟರ್ ವ್ಯಾಸ, 10 ಸೆಂಟಿಮೀಟರ್ ಎತ್ತರವುಳ್ಳ, ಮೂರು ಲೀಟರಿಗಿಂತ ತುಸು ಹೆಚ್ಚು ಹಿಡಿಯುವ ಒಂದು ಪಾತ್ರೆಯನ್ನು ಭಾವಿಸಿಕೊಳ್ಳಿ. ಅದರ ತಳ 314 ಚದರ ಸೆಂಟಿಮೀಟರ್, ಸುತ್ತಿನ ಗೋಡೆ 628, ಒಟ್ಟು 942. ತಗಡಿನ ದಪ್ಪ ಒಂದು ಮಿಲಿಮೀಟರಾದರೆ 94 ಘನ ಸೆಂಟಿಮೀಟರಿನಷ್ಟು ಲೋಹ ಹಿಡಿಯುವುದು. ಸ್ಟೀಲು ನೀರಿಗಿಂತ ಸುಮಾರು ಎಂಟರಷ್ಟು ಭಾರ. ಆದುದರಿಂದ ಆ ಪಾತ್ರೆ ಸುಮಾರು 750 ಗ್ರಾಂ ತೂಗಬೇಕು. ಅದೇ ಅಳತೆಯ ಪಾತ್ರೆ 375 ಗ್ರಾಂ ಮಾತ್ರ ತೂಗಿದರೆ ತಗಡು ಅರ್ಧ ಮಿಲಿಮೀಟರ್ ಎಂದು ಅರ್ಥ. ವ್ಯಾಪಾರಿಯು ಏನು ಹೇಳಿದರೂ ತಕ್ಕಡಿ ಸುಳ್ಳು ಹೇಳುವುದಿಲ್ಲ. ಅಲ್ಯೂಮಿನಿಯಮಾದರೋ ಹಗುರವಾದ ಲೋಹ, ನೀರಿಗಿಂತ 2.7ರಷ್ಟು ಮಾತ್ರ ಭಾರ. ಆದಕಾರಣ 750 ಗ್ರಾಂ ತೂಗುವ ಅಲ್ಯೂಮಿನಿಯಂ ಪಾತ್ರೆಯ ದಪ್ಪ ಹೆಚ್ಚುಕಡಿಮೆ ಮೂರು ಮಿಲಿಮೀಟರ್ ಇರುವುದು. ಬಿಡಿಯಾಗಿ ಇಷ್ಟು ರೂಪಾಯಿ ಎಂದು ಮಾರುವ ಪಾತ್ರೆಗಿಂತ ತೂಕದ ಮೇಲೆ ಮಾರುವ ಪಾತ್ರೆಯನ್ನು ಕೊಳ್ಳುವುದು ಮೇಲೆಂದು ನಾವು ಹೇಳುವುದು ಈ ಕಾರಣದಿಂದಲೇ. ಬಿಡಿಯಾಗಿ ಕೊಂಡರೂ ತೂಕ ಹಾಕಿಸಿ ನೋಡುವ ಹಕ್ಕು ಕೊಳ್ಳುವವರಿಗೆ ಇದ್ದೇ ಇದೆ.

ದಪ್ಪ ತಳದಿಂದ ಇನ್ನೊಂದು ಲಾಭವುಂಟು. ಸ್ಟೀಲು ಶಾಖವನ್ನು ಬಹು ನಿಧಾನವಾಗಿ ಹರಡುವ ಲೋಹ. ಅಲ್ಯೂಮಿನಿಯಮು ಅದಕ್ಕಿಂತ ಸುಮಾರು ಹದಿನಾಲ್ಕು ಹದಿನೈದರಷ್ಟೂ, ತಾಮ್ರವು ಸುಮಾರು ಇಪ್ಪತ್ತೈದರಷ್ಟೂ ಚೆನ್ನಾಗಿ ಶಾಖವನ್ನು ಹರಡುವುವು. ತೆಳು ಸ್ಟೀಲಿನ ಪಾತ್ರೆಯಲ್ಲಿ ಹಾಲು ಕಾಯಿಸಿದರೆ ಉರಿ ತಾಕುವ ಜಾಗದಲ್ಲಿ ಮಾತ್ರ ಸೀಯುವುದೂ, ಅಂಬಲಿ ತಳ ಹಿಡಿಯುವುದೂ ಇದರಿಂದಲೇ. ತಳಕ್ಕೆ ತಾಮ್ರವನ್ನೋ ಅಲ್ಯೂಮಿನಿಯಮನ್ನೋ ಬೆಸೆದಿರುವ ಸ್ಟೀಲು ಪಾತ್ರೆಗಳು ಈ ದೋಷವನ್ನು ನೀಗಿಸುವುವು. ಕೆಲವು ಅಗ್ಗದ ಪಾತ್ರೆಗಳಲ್ಲಿ ತಾಮ್ರವೆಂಬುದು ತಳಕ್ಕೆ ಹಚ್ಚಿದ ತೆಳುವಾದ ಬಣ್ಣದಂತೆ ಇದ್ದು ನೋಟಕ್ಕೆ ಮಾತ್ರ ಉಪಯೋಗವಾಗುವುದು. ಅದಕ್ಕೆ ಹೆಚ್ಚು ಬೆಲೆ ಕೊಡಬಾರದು.

ಇನ್ನು ಸ್ಟೀಲಿನ ಮಾತು. ತುಕ್ಕು ಹಿಡಿಯದ ಈ ಉಕ್ಕನ್ನು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು 1913ರಲ್ಲಿ ತಯಾರಿಸಿದನು. ಉಕ್ಕಿಗೆ ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಉಂಟಾಗಿ ತುಕ್ಕನ್ನು ತಡೆಯುವುದು. 304 ಎಂಬ ಸಂಖ್ಯೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಮೂ 8 ಪಾಲು ನಿಕ್ಕಲೂ ಇರುವುವು. ನಿಕ್ಕಲು ದುಬಾರಿಯಾದುದರಿಂದ ಅದನ್ನು ಕಡಿಮೆಮಾಡಿ ಮ್ಯಾಂಗನೀಸನ್ನು ಹೆಚ್ಚಿಸಿ ಮಾಡಿದ ಸ್ಟೀಲಿಗೆ 200ರ ಸಾಲಿನ ಸಂಖ್ಯೆಗಳಿವೆ. ಪೇಟೆಯ ಅಗ್ಗದ ಪಾತ್ರೆಗಳಲ್ಲಿ ಬಹುಪಾಲು ಇದರಿಂದ ಆದುವು. ಇದು ವಿಷವಲ್ಲ, ಆದರೆ ಉಪ್ಪಿಗೂ ಹುಳಿಗೂ ಬೇಗ ಸೋಲುವುದು.

ಅಯಸ್ಕಾಂತವನ್ನು ಹಿಡಿದು ನೋಡುವ ಪದ್ಧತಿ ನಮ್ಮ ಜನರಲ್ಲಿ ಬಹಳವಾಗಿದೆ. ಅಂಟಿಕೊಂಡರೆ ಕಳಪೆ, ಅಂಟದಿದ್ದರೆ ಉತ್ತಮ ಎಂದು ತಿಳಿಯುವರು. ಇದು ಪೂರ್ಣ ನಿಜವಲ್ಲ. 304 ಅಂಟುವುದಿಲ್ಲ, ಆದರೆ ಮ್ಯಾಂಗನೀಸಿನ ಅಗ್ಗದ ಸ್ಟೀಲೂ ಅಂಟುವುದಿಲ್ಲ. ಇತ್ತ 430 ಎಂಬ ಸ್ಟೀಲು ಅಯಸ್ಕಾಂತಕ್ಕೆ ಅಂಟಿದರೂ ಸಾಧಾರಣ ಉಪಯೋಗಕ್ಕೆ ಚೆನ್ನಾಗಿಯೇ ಇರುವುದು. ಇಂಡಕ್ಷನ್ ಒಲೆಯುಳ್ಳವರಿಗಂತೂ ತಳ ಅಯಸ್ಕಾಂತಕ್ಕೆ ಅಂಟಲೇಬೇಕು. ಇಲ್ಲದಿದ್ದರೆ ಒಲೆ ಕೆಲಸಮಾಡದು. ಆದುದರಿಂದ ಅಯಸ್ಕಾಂತಕ್ಕಿಂತ ಪಾತ್ರೆಯ ಮೇಲೆ ಕೊರೆದಿರುವ ಸಂಖ್ಯೆಯನ್ನೂ ಐ.ಎಸ್.ಐ. ಮುದ್ರೆಯನ್ನೂ ನೋಡಿ, ರಸೀತಿಯಲ್ಲಿ ಆ ಸಂಖ್ಯೆಯನ್ನು ಬರೆಯಿಸಿಕೊಳ್ಳುವುದು ಯೋಗ್ಯ. 2024ರ ಮಾರ್ಚಿಯಲ್ಲಿ ಭಾರತ ಸರ್ಕಾರದವರು ಸ್ಟೀಲು ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಈ ಮುದ್ರೆ ಇರತಕ್ಕದ್ದೆಂದು ಆಜ್ಞೆ ಹೊರಡಿಸಿದರು.

ಹಾಗಾದರೆ ಎಲ್ಲವನ್ನೂ 304ರಲ್ಲಿಯೇ ಕೊಳ್ಳಬೇಕೆ? ಬೇಡ. ಕೈಯಲ್ಲಿ ಹಣ ಕಡಿಮೆಯಿರುವವರು ಹುಳಿ ಬೇಯುವ ಪಾತ್ರೆ, ಮೊಸರಿನ ಪಾತ್ರೆ, ಉಪ್ಪು ತಾಕುವ ಪಾತ್ರೆ, ಇಷ್ಟನ್ನು ಮಾತ್ರ ಒಳ್ಳೆಯ ಸ್ಟೀಲಿನಲ್ಲಿ ಕೊಳ್ಳಲಿ. ತಟ್ಟೆ, ಲೋಟ, ಬೇಳೆಯ ಡಬ್ಬಿಗಳು ಸಾಧಾರಣ ಸ್ಟೀಲಿನವಾದರೆ ನಷ್ಟವೇನೂ ಇಲ್ಲ. ಉಪ್ಪಿನಕಾಯಿಗೆ ಯಾವ ಸ್ಟೀಲೂ ಬೇಡ. ಹಳೆಯ ಪಿಂಗಾಣಿಯ ಜಾಡಿಯನ್ನು ಮೀರಿಸಿದ ವಸ್ತು ಇನ್ನೂ ಬಂದಿಲ್ಲ. ಅನ್ನಕ್ಕೋ ಸಾರಿಗೋ ಉಪ್ಪು ಹಾಕುವುದು ನೀರು ಕುದಿದ ಮೇಲೆ. ತಣ್ಣೀರಿಗೆ ಹಾಕಿದ ಹರಳುಪ್ಪು ತಳದಲ್ಲಿ ಕುಳಿತು ಸ್ಟೀಲಿಗೆ ಸಣ್ಣ ಸಣ್ಣ ಗುಳಿಗಳನ್ನು ತರುವುದು.

ಅಲ್ಯೂಮಿನಿಯಮನ್ನು ನಮ್ಮ ಕಡೆ, ತೆಲುಗು ಬಲ್ಲವರೂ ಕನ್ನಡ ಬಲ್ಲವರೂ ಒಂದಾಗಿ, ಸಿಲ್ವರ್ ಎನ್ನುವರು. ಬೆಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ದಕ್ಷಿಣ ದೇಶದಲ್ಲಿ ಈ ಪಾತ್ರೆಗಳ ಕೈಗಾರಿಕೆಗೆ ಅಡಿಪಾಯ ಹಾಕಿದವರು ಆಲ್ಫ್ರೆಡ್ ಚಾಟರ್ಟನ್ ಎಂಬವರು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅವರು ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿಗಳೂ ಆದರು. ಹಿತ್ತಾಳೆ ಕೊಳ್ಳಲಾರದ ಬಡವರ ಮನೆಗೆ ಹಗುರವಾದ, ಕಲಾಯಿ ಬೇಡದ ಪಾತ್ರೆ ದೊರಕಿತು. ಇದರ ಉಪಕಾರವನ್ನು ನಾವು ಮರೆಯಲಾಗದು. ಅನ್ನಕ್ಕೂ ಮುದ್ದೆಗೂ ದಪ್ಪವಾದ ಅಲ್ಯೂಮಿನಿಯಂ ಪಾತ್ರೆ ಈಗಲೂ ಒಳ್ಳೆಯದೇ. ಆದರೆ ಹುಣಸೆ, ಟೊಮ್ಯಾಟೊ, ಮಜ್ಜಿಗೆ, ಅಡಿಗೆಸೋಡ ಇವು ಆ ಲೋಹವನ್ನು ಕರಗಿಸುವುವು. ಹುಳಿಯನ್ನು ಅದರಲ್ಲಿ ಬೇಯಿಸದಿರುವುದು ಮೇಲು. ರಾತ್ರಿಯೆಲ್ಲಾ ಇಡುವುದಂತೂ ಕೂಡದು.

ಇದಕ್ಕಿಂತ ಗಂಭೀರವಾದ ಸಂಗತಿ ಬೇರೊಂದಿದೆ. ಹಳೆಯ ಯಂತ್ರಗಳ ತುಂಡು, ವಾಹನಗಳ ಭಾಗ, ಮುರುಕು ಸಾಮಾನು ಎಲ್ಲವನ್ನೂ ಒಟ್ಟಿಗೆ ಕರಗಿಸಿ ಎರಕ ಹೊಯ್ದು ಮಾಡಿದ ಪಾತ್ರೆಗಳಲ್ಲಿ ಸೀಸ ಸೇರಿಕೊಂಡಿರುವ ಸಂಭವವುಂಟು. ಅಮೇರಿಕಾ ದೇಶಕ್ಕೆ ವಲಸೆಹೋದ ಆಫ್ಘನ್ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿರುವುದನ್ನು ಕಂಡು ಅಲ್ಲಿಯ ಆರೋಗ್ಯಾಧಿಕಾರಿಗಳು ಕಾರಣವನ್ನು ಹುಡುಕುತ್ತಾ ಹೋದಾಗ, ಅವರು ಸ್ವದೇಶದಿಂದ ಒಯ್ದಿದ್ದ ಅಲ್ಯೂಮಿನಿಯಂ ಪಾತ್ರೆಗಳು ಸಿಕ್ಕಿಬಿದ್ದುವು; ಈ ಶೋಧನೆ 2022ರಲ್ಲಿ ಪ್ರಕಟವಾಯಿತು. 2025ರ ಆಗಸ್ಟಿನಲ್ಲಿ ಅದೇ ದೇಶದ ಆಹಾರ ಮತ್ತು ಔಷಧಗಳ ಆಡಳಿತದವರು, ಹೊರದೇಶದಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದೆಂದು ಎಚ್ಚರಿಕೆ ಕೊಟ್ಟರು. ಹಿಂಡಾಲಿಯಂ ಎಂಬುದು ನಮ್ಮ ಪೇಟೆಗಳಲ್ಲಿ ಹೇರಳವಾಗಿ ಮಾರುವ ಅಲ್ಯೂಮಿನಿಯಂ ಮಿಶ್ರಲೋಹ. ಅದೆಲ್ಲವೂ ಕೆಟ್ಟದೆಂದು ನಾವು ಹೇಳುವುದಿಲ್ಲ. ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂಬ ಗುರುತೇ ಇಲ್ಲದ ಎರಕದ ಪಾತ್ರೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮಕ್ಕಳಿರುವ ಮನೆಗೆ ತರಕೂಡದೆಂದು ಮಾತ್ರ ಹೇಳುತ್ತೇವೆ. ಮಕ್ಕಳ ಮಟ್ಟಿಗೆ ಸೀಸವು ಇಷ್ಟರವರೆಗೆ ಇದ್ದರೆ ಅಪಾಯವಿಲ್ಲವೆಂಬ ಮೇರೆಯೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಅದು ಮಗುವಿನ ಬುದ್ಧಿಯನ್ನೇ ಕುಂದಿಸುವುದು. ಹೊಟ್ಟೆನೋವಿನಂತೆ ಹೊರಗೆ ಕಾಣಿಸಿಕೊಳ್ಳಲೇಬೇಕೆಂದಿಲ್ಲ. ಪಾಠ ತಲೆಗೆ ಹತ್ತದ ಮಗುವನ್ನು ಸೋಮಾರಿಯೆಂದು ಗದರಿಸುವ ನಮ್ಮಂಥ ಉಪಾಧ್ಯಾಯರೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ಸೀಸದ ಮಾತು ಬಂದುದರಿಂದ ಕಲಾಯಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವೆವು. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಈಗ ಮತ್ತೆ ಅಟ್ಟದಿಂದ ಇಳಿಸುವ ಕಾಲ ಬಂದಿದೆ. ಸಂತೋಷವೇ. ಆದರೆ ಅಜ್ಜಿಯ ಪಾತ್ರೆಯನ್ನು ಇಳಿಸಿದವರು ಅಜ್ಜಿಯ ಎಚ್ಚರಿಕೆಯನ್ನೂ ಇಳಿಸಬೇಕು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಹೊಟ್ಟೆಗೆ ಸೇರಿ ವಾಂತಿಯಾಗುವುದು. ಕಲಾಯಿಯವನು ಪಾತ್ರೆಯನ್ನು ಇದ್ದಲ ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ತಾಕಿಸಿ, ಅರಳೆಯಿಂದ ಒರೆಸಿ ಹರಡುವನು. ಇಲ್ಲಿ ಶುದ್ಧ ತವರವಿರಬೇಕು. ಸೀಸ ಬೆರೆತ ಬೆಸುಗೆಯ ಲೋಹವು ಅಗ್ಗವಾಗಿಯೂ ಬೇಗ ಕರಗುವುದಾಗಿಯೂ ಇರುವುದರಿಂದ ಮೋಸಕ್ಕೆ ಆಸ್ಪದವುಂಟು. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಚರಚರನೆ ಸದ್ದು ಕೇಳುವುದು. ಸೀಸವು ಮೂಕನಂತೆ ಬಾಗುವುದು. ಸೀಸದ ತುಂಡನ್ನು ಬಿಳಿಯ ಕಾಗದಕ್ಕೆ ಉಜ್ಜಿದರೆ ಬೂದು ಗೆರೆ ಬೀಳುವುದು. ಕಲಾಯಿಯವನು ಪ್ರಾಮಾಣಿಕನಾದರೆ ಈ ಪರೀಕ್ಷೆಗೆ ಬೇಸರಿಸನು. ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಇಡಕೂಡದು. ತವರವು 232 ಡಿಗ್ರಿ ಶಾಖಕ್ಕೇ ಕರಗುವ ಲೋಹ. ಒಳಗಡೆ ಹಳದಿಯೋ ಕೆಂಪೋ ಕಂಡಕೂಡಲೇ ಮತ್ತೆ ಕಲಾಯಿ ಹಾಕಿಸಬೇಕು. ಕಲಾಯಿಯವರು ಊರಿಗೆ ಬರುವುದು ಅಪರೂಪವಾಗಿರುವ ಈ ಕಾಲದಲ್ಲಿ, ಅವರು ಸಿಗುವ ಊರಿನವರಲ್ಲದೆ ಇತರರು ಹೊಸದಾಗಿ ಹಿತ್ತಾಳೆ ಪಾತ್ರೆ ಕೊಳ್ಳುವುದು ಅಡಿಗೆಗಲ್ಲ, ಅಲಂಕಾರಕ್ಕೆ ಎಂದೇ ನಮ್ಮ ಎಣಿಕೆ.

ತಾಮ್ರದ ಬಿಂದಿಗೆಯಲ್ಲಿ ನೀರು ಇಟ್ಟರೆ ಎಲ್ಲ ದೋಷವೂ ಹೋಗುವುದೆಂದು ನಂಬಿದವರು ಬಹಳ. ನಮ್ಮ ಸೀಮೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ವಸ್ತು ಹೆಚ್ಚಾಗಿದ್ದು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ತರುವುದನ್ನು ಎಲ್ಲರೂ ಕಂಡಿದ್ದಾರೆ. ತಾಮ್ರವಾಗಲಿ ಮಣ್ಣಾಗಲಿ ಅದನ್ನು ತೆಗೆಯಲಾರದು. ಕುದಿಸಿದರೂ ಹೋಗದು, ನೀರು ಆವಿಯಾಗಿ ಉಳಿದುದರಲ್ಲಿ ಇನ್ನೂ ಸಾಂದ್ರವಾಗುವುದು. ಕುಡಿಯಲೂ ಅಡಿಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತರಬೇಕು. ಇದು ಪಾತ್ರೆಯಿಂದ ಆಗುವ ಕೆಲಸವಲ್ಲ.

ಕಬ್ಬಿಣದ ವಿಷಯದಲ್ಲಿ ನಮಗೆ ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳುತ್ತೇವೆ. ಬೆಲೆ ಕಡಿಮೆ, ಬಾಳಿಕೆ ತಲೆಮಾರುಗಳದು, ಜೊತೆಗೆ ರಕ್ತಕ್ಕೆ ಬಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರುಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಇಥಿಯೋಪಿಯಾ ದೇಶದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಊಟ ಉಂಡ ಮಕ್ಕಳಿಗೂ ಅಲ್ಯೂಮಿನಿಯಂ ಪಾತ್ರೆಯ ಊಟ ಉಂಡ ಮಕ್ಕಳಿಗೂ ಹೋಲಿಸಿ ನೋಡಿ, ಮೊದಲಿನವರ ರಕ್ತ ಹೆಚ್ಚು ಸುಧಾರಿಸಿತೆಂದು 1999ರಲ್ಲಿ ಪ್ರಕಟಿಸಿದರು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಟ್ಟು ಬಾಣಲೆಯನ್ನು ನಂಬಿ ಕೂರುವುದು ಸರಿಯಲ್ಲವಾದರೂ, ಸೊಪ್ಪಿನ ಪಲ್ಯಕ್ಕೂ ಒಗ್ಗರಣೆಗೂ ಒಂದು ಕಬ್ಬಿಣದ ಬಾಣಲೆ, ದೋಸೆಗೂ ರೊಟ್ಟಿಗೂ ಒಂದು ಕಾವಲಿ ಪ್ರತಿ ಮನೆಯಲ್ಲಿರಬೇಕು. ಹೊಸ ಕಾವಲಿಯನ್ನು ಚೆನ್ನಾಗಿ ತಿಕ್ಕಿ ತೊಳೆದು, ಕಾಯಿಸಿ, ಕಡಲೆಕಾಯಿ ಎಣ್ಣೆ ಸವರಿ, ಈರುಳ್ಳಿಯ ಹೋಳಿನಿಂದ ಉಜ್ಜಿ ಆರಲು ಬಿಡುವುದು. ಹೀಗೆ ಮೂರು ನಾಲ್ಕು ದಿನ ಮಾಡಿದರೆ ಪಳಗುವುದು. ಆಮೇಲೆ ಅದನ್ನು ನೀರಿನಲ್ಲಿ ನೆನೆಹಾಕದೆ, ತೊಳೆದೊಡನೆ ಒರೆಸಿಟ್ಟರೆ ಸಾಕು. ಎರಕದ ಕಾವಲಿಯನ್ನು ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಗಂಟೆಯಂತೆ ನಾದವಿದ್ದರೆ ಗಟ್ಟಿ. ಒಡಕು ಸದ್ದಾದರೆ ಬಿರುಕಿದೆ. ಅಂಟದ ಲೇಪವಿರುವ ಕಾವಲಿಗಳು ಸುಲಭವೇನೋ ಹೌದು, ಆದರೆ ಲೋಹದ ಮಗುಚುವ ಕಡ್ಡಿ ತಾಗಿದರೆ ಲೇಪ ಏಳುವುದು. ಬರಿದಾಗಿ ಅತಿಯಾಗಿ ಕಾಯಿಸಿದರೆ ಕೆಟ್ಟ ಹೊಗೆ ಬರುವುದು. ಎರಡು ಮೂರು ವರುಷಕ್ಕೊಮ್ಮೆ ಹೊಸದನ್ನು ಕೊಳ್ಳಬೇಕಾದ ವಸ್ತುವನ್ನು ಅಗ್ಗವೆಂದು ಕರೆಯಲು ನಮಗೆ ಮನಸ್ಸು ಬಾರದು.

ಕುಕ್ಕರಿನ ವಿಚಾರ. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಶಾಖಕ್ಕೇ ಕುದಿಯುವುದು. ಸಮುದ್ರತೀರದಲ್ಲಿ 100 ಡಿಗ್ರಿಗೆ ಕುದಿಯುವ ನೀರು ನಮ್ಮಲ್ಲಿ ಸುಮಾರು 97ಕ್ಕೇ ಕುದಿಯುವುದು. ನಂದಿಬೆಟ್ಟದ ಮೇಲೆ ಸುಮಾರು 95ಕ್ಕೆ. ಗಡಸು ನೀರೂ ಸೇರಿದರೆ ತೊಗರಿಬೇಳೆ ಬೇಯಲು ಎಷ್ಟು ಹೊತ್ತು, ಎಷ್ಟು ಗ್ಯಾಸು! ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಈ ತೊಂದರೆ ಕಳೆಯುವುದು. ಆದುದರಿಂದ ನಮ್ಮ ಸೀಮೆಯಲ್ಲಿ ಕುಕ್ಕರು ಭೋಗವಸ್ತುವಲ್ಲ. ಇಬ್ಬರಿಗೆ ಮೂರು ಲೀಟರಿನದು, ನಾಲ್ಕೈದು ಮಂದಿಗೆ ಐದು ಲೀಟರಿನದು ಸಾಕು. ಐ.ಎಸ್.ಐ. ಮುದ್ರೆಯಿಲ್ಲದ ಕುಕ್ಕರನ್ನು ಯಾರು ಕಾಣಿಕೆಯಾಗಿ ಕೊಟ್ಟರೂ ಒಲೆಗೆ ಏರಿಸಬೇಡಿ. ಬೇಳೆ ಅವರೆಗಳನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. ನೊರೆ ಉಕ್ಕಿ ಆವಿಯ ಕೊಳವೆ ಮುಚ್ಚುವುದು. ಗಡಸು ನೀರಿನ ಸುಣ್ಣವೂ ಆ ಕೊಳವೆಯಲ್ಲಿ ಕಟ್ಟುವುದು. ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯಲ್ಲಿ ಬೆಳಕು ಕಾಣುವುದೋ ಎಂದು ಪ್ರತಿದಿನವೂ ನೋಡುವ ಅಭ್ಯಾಸವನ್ನು ನಮ್ಮ ಬೋರ್ಡಿಂಗಿನ ಅಡಿಗೆಮನೆಯಲ್ಲಿ ಕಟ್ಟುನಿಟ್ಟಾಗಿ ಇಟ್ಟಿದ್ದೇವೆ. ರಬ್ಬರಿನ ಬಳೆಯನ್ನೂ ರಕ್ಷಣೆಯ ಕವಾಟವನ್ನೂ ಅದೇ ಕಂಪನಿಯದನ್ನೇ ಹಾಕಬೇಕು. ಹತ್ತಿಪ್ಪತ್ತು ರೂಪಾಯಿ ಉಳಿಸುವ ಜಾಗ ಇದಲ್ಲ.

ಮಣ್ಣಿನ ಮಡಕೆಯ ಸಾರಿನ ರುಚಿಗೆ ಎಣೆಯಿಲ್ಲ. ಹೊಳೆಯುವ ಬಣ್ಣದ ಮೆರುಗು ಕೊಟ್ಟಿರುವುದನ್ನು ಬಿಟ್ಟು ಸಾದಾ ಮಡಕೆಯನ್ನೇ ಕುಂಬಾರರಿಂದ ಕೊಂಡು, ಒಂದು ದಿನ ನೀರಿನಲ್ಲಿ ನೆನೆಸಿ, ಗಂಜಿ ಕಾಯಿಸಿ ಪಳಗಿಸಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದನ್ನು ಬಲ್ಲವರು ಕೊಳ್ಳಲಿ.

ಸಣ್ಣ ಸಾಮಾನುಗಳಲ್ಲಿ ಈಳಿಗೆಮಣೆ ಮುಖ್ಯವಾದುದು. ಅದರ ಅಲಗು ಸಾಧಾರಣ ಉಕ್ಕಿನದಾಗಿ, ಸಾಣೆ ಹಿಡಿಯಲು ಬರುವಂತಿರಬೇಕು. ಮಣೆ ನೆಲದ ಮೇಲೆ ಅಲುಗದಿರಬೇಕು. ಮೊಂಡು ಅಲಗೇ ಕೈ ಕೊಯ್ಯುವುದು, ಚೂಪಾದುದಲ್ಲ. ಬಸ್ಸಾರು ಮಾಡುವ ಮನೆಗೆ ಒಳ್ಳೆಯ ಸಿಬ್ಬಲು ಬೇಕು, ಪಾತ್ರೆಯ ಬಾಯಿಗೆ ಸರಿಯಾಗಿ ಕೂರುವಂತೆ ಅಳೆದು ತರಬೇಕು. ಸೌಟಿನ ಹಿಡಿ ಬೆಸುಗೆಯದಾದರೆ ಬೇಗ ಕಳಚುವುದು.

ಹಣದ ವಿಷಯ. ಹಳೆಯ ಬಟ್ಟೆಗೆ ಪಾತ್ರೆ, ಹಳೆಯ ಹಿತ್ತಾಳೆಗೆ ಹೊಸ ಸ್ಟೀಲು ಎಂದು ಬೀದಿಯಲ್ಲಿ ಕೂಗಿ ಬರುವವರೊಡನೆ ವ್ಯವಹರಿಸುವ ಮುನ್ನ, ಹಿತ್ತಾಳೆಯನ್ನು ಮನೆಯಲ್ಲಿಯೇ ತೂಗಿ, ಆ ದಿನದ ದರವನ್ನು ಪೇಟೆಯಲ್ಲಿ ವಿಚಾರಿಸಿರಿ. ಎರಡು ಕಿಲೋ ಹಿತ್ತಾಳೆಯ ಕೊಳಗವನ್ನು ಕೊಟ್ಟು ಕಾಲು ಕಿಲೋ ತೂಗದ ಡಬ್ಬಿಗಳನ್ನು ಸಂತೋಷದಿಂದ ಜೋಡಿಸಿಟ್ಟುಕೊಂಡ ಮನೆಗಳು ಒಂದೆರಡಲ್ಲ. ಪಾತ್ರೆಯ ಚೀಟಿಯೂ ಹಾಗೆಯೇ: ತಿಂಗಳು ತಿಂಗಳು ಕಟ್ಟುವ ಮೊತ್ತವನ್ನೆಲ್ಲ ಕೂಡಿಸಿ, ಕೊನೆಗೆ ಕೊಡುವ ಪಾತ್ರೆಗಳ ತೂಕಕ್ಕೆ ಬೆಲೆ ಕಟ್ಟಿ, ಎರಡನ್ನೂ ಒಂದರ ಪಕ್ಕದಲ್ಲಿ ಒಂದು ಬರೆದು ನೋಡಿ ಆಮೇಲೆ ಸೇರಿರಿ. ಮದುವೆಯಲ್ಲಿ ಹೆಸರು ಕೊರೆಯಿಸಿ ಕೊಡುವ ಬಂಧುಗಳಿಗೆ ನಮ್ಮದೊಂದು ಪ್ರಾರ್ಥನೆ. ಹತ್ತು ಮಂದಿ ಹತ್ತು ತೆಳು ಪಾತ್ರೆಗಳನ್ನು ಕೊಟ್ಟರೆ ಹತ್ತೂ ಅಟ್ಟ ಸೇರುವುವು. ಅದೇ ಹತ್ತು ಮಂದಿ ಕೂಡಿ ಒಂದು ಕುಕ್ಕರು, ಒಂದು ದಪ್ಪ ತಳದ ಪಾತ್ರೆ, ಒಂದು ರುಬ್ಬುವ ಯಂತ್ರ ಕೊಟ್ಟರೆ ಆ ಹುಡುಗಿ ಮೊದಲನೆಯ ದಿನವೇ ಒಲೆ ಹಚ್ಚಬಹುದು. ಪಾತ್ರೆ ಕೊಳ್ಳಲು ಮನೆಯ ಗಂಡಸರನ್ನು ಒಬ್ಬರನ್ನೇ ಕಳುಹಿಸುವುದೂ ನಮಗೆ ಸಮ್ಮತವಲ್ಲ. ತೊಳೆಯುವವರು ಜೊತೆಗೆ ಹೋಗಿ, ಪಾತ್ರೆಯ ಮೂಲೆಗೆ ಕೈಬೆರಳು ಹೋಗುವುದೋ ಇಲ್ಲವೋ ನೋಡಬೇಕು.

ಇಬ್ಬರ ಸಂಸಾರಕ್ಕೆ ಮೊದಲ ತಿಂಗಳಿಗೆ ಏನೇನು ಬೇಕೆಂದು ಕೇಳುವವರಿಗೆ ನಾವು ಹೇಳುವುದಿಷ್ಟು: ಕುಕ್ಕರು ಒಂದು, ಮುದ್ದೆಗೆ ದಪ್ಪ ಪಾತ್ರೆ ಒಂದು, ಹುಳಿಗೆ ಒಳ್ಳೆಯ ಸ್ಟೀಲಿನ ಪಾತ್ರೆ ಒಂದು, ಹಾಲಿಗೆ ಒಂದು, ಕಬ್ಬಿಣದ ಬಾಣಲೆ, ಕಾವಲಿ, ಈಳಿಗೆಮಣೆ, ಸಿಬ್ಬಲು, ಎರಡು ಸೌಟು, ಮುದ್ದೆಯ ಕೋಲು, ಕವೆಗೋಲು, ತಟ್ಟೆ ಲೋಟಗಳು ನಾಲ್ಕು ನಾಲ್ಕು, ಏಕೆಂದರೆ ನೆಂಟರು ಬರುವರು. ಉಳಿದುದನ್ನು ಒಂದು ವರುಷ ಅಡಿಗೆ ಮಾಡಿದ ಮೇಲೆ ಕೊಳ್ಳಬಹುದು. ಕೋಲು ಮಾತ್ರ ಬಣ್ಣ ಹಚ್ಚದ ಗಟ್ಟಿಮರದ್ದಾಗಿರಲಿ, ಹೊಸದನ್ನು ತಂದಾಗ ಎರಡು ಸಾರಿ ಬಿಸಿ ಗಂಜಿಯಲ್ಲಿ ನೆನೆಸಿ ಒಣಗಿಸಿಕೊಳ್ಳಿರಿ.